ಬಾಡಿಗೆಯವರು ಹೇಗೆ ಎಂದು ಕೇಳಿದಾಗ ನಾನು ಹೇಳುವುದು

ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ಮೂರಂತಸ್ತಿನ ಮನೆ. ಕೆಳಗೆ ನಾವು, ಮೇಲಿನ ಎರಡು ಪೋರ್ಷನ್ ಬಾಡಿಗೆಗೆ. 2018ರಲ್ಲಿ ಮೊದಲ ಮಹಡಿಗೆ ಒಂದು ಸಂಸಾರ ಬಂತು. ತಿಂಗಳಿಗೆ 14,000, ಹತ್ತು ತಿಂಗಳ ಅಡ್ವಾನ್ಸ್. ಮನೆ ಕೊಡುವ ಮೊದಲು ಅವರು ಆಗ ಇದ್ದ ಮನೆಯ ಓನರ್‌ಗೆ ಫೋನ್ ಮಾಡಿ ವಿಚಾರಿಸಿದ್ದೆ. "ತುಂಬಾ ಒಳ್ಳೆ ಜನ ಸಾರ್, ಕಣ್ಮುಚ್ಚಿ ಕೊಡಿ" ಅಂದಿದ್ದರು.

ಆರನೇ ತಿಂಗಳಿಂದ ಬಾಡಿಗೆ ನಿಂತಿತು. ಕೇಳಿದರೆ "ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ". ಒಂದು ದಿನ ಕರೆಂಟ್ ಕಟ್ ಮಾಡಲು ಲೈನ್‌ಮನ್ ಬಂದಾಗ ಮೀಟರ್ ಪೆಟ್ಟಿಗೆ ತೆಗೆದು ನೋಡಿದೆ. ನಾಲ್ಕು ತಿಂಗಳ ಬಿಲ್ಲುಗಳು ಸಿಕ್ಕಿಸಿದ್ದಲ್ಲೇ ಇದ್ದವು. ಕೆಳಗಿನದಕ್ಕೆ ಗೆದ್ದಲು ಹಿಡಿದಿತ್ತು.

ವಕೀಲರು ಹೇಳಿದ್ದು ಇಷ್ಟು: ಬೆಂಗಳೂರಿನಲ್ಲಿ ಬಾಡಿಗೆ 3,500 ದಾಟಿದ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸದು. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸ್ ಕೊಡಬಹುದು. ಆಮೇಲೂ ಬಿಡದಿದ್ದರೆ ಸಿವಿಲ್ ದಾವೆ.

ಅಡ್ವಾನ್ಸ್ ಪೂರ್ತಿ ಕರಗಿದ ಹೊತ್ತಿಗೆ ನಾಗರಭಾವಿಯಿಂದ ಒಬ್ಬ ವಯಸ್ಸಾದ ತಾಯಿ ಫೋನ್ ಮಾಡಿದರು. "ನಿಮ್ಮ ಬಾಡಿಗೆಯವರು ನಮ್ಮನೆ ನೋಡ್ಕೊಂಡು ಹೋದ್ರು. ಹೇಗಪ್ಪಾ ಜನ? ನನಗೆ ಪೆನ್ಶನ್ ಇಲ್ಲ, ಬಾಡಿಗೇಲೇ ಮಾತ್ರೆ ಖರ್ಚು ನಡೀಬೇಕು." ನನ್ನ ಬಾಯಿಂದ ಬಂದದ್ದು "ಪರವಾಗಿಲ್ಲಮ್ಮ, ಒಳ್ಳೆಯವರೇ". ಪೀಡೆ ತೊಲಗಿದರೆ ಸಾಕಾಗಿತ್ತು. ನನ್ನ ಮೇಲೆ ಯಾವ ಮಾತು ಪ್ರಯೋಗವಾಗಿತ್ತೋ ಅದೇ ಮಾತನ್ನು ನಾನು ಅವರ ಮೇಲೆ ಪ್ರಯೋಗಿಸಿದ್ದೆ.

ರಾತ್ರಿಯಿಡೀ ಆ ಮಾತ್ರೆಯ ಮಾತು ಕೊರೆಯಿತು. ಬೆಳಿಗ್ಗೆ ಏಳಕ್ಕೆ ನಾನೇ ಫೋನ್ ಮಾಡಿ, "ಅಮ್ಮಾ, ನಿನ್ನೆ ಹೇಳಿದ್ದು ಸುಳ್ಳು" ಎಂದು ಇದ್ದದ್ದನ್ನೆಲ್ಲ ಹೇಳಿದೆ. ಅವರು ಮನೆ ಕೊಡಲಿಲ್ಲ. ನಮ್ಮವರು ಇನ್ನೂ ನಾಲ್ಕು ತಿಂಗಳು ಕೂತರು. ನನಗೆ 56,000 ಹೋಯಿತು. ಆ ಹಣಕ್ಕಾಗಿ ನಾನು ಒಂದು ದಿನವೂ ಕೊರಗಿಲ್ಲ.

ಅಂದಿನಿಂದ ಪ್ರತಿ ಪೋರ್ಷನ್‌ಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಬಾಡಿಗೆ ಬಂದ ತಾರೀಕು, ಕರೆಂಟ್ ಬಿಲ್ ಕಟ್ಟಿದ್ದು, ಖಾಲಿ ಮಾಡುವಾಗ ಗೋಡೆ, ನಲ್ಲಿ, ಸಿಂಕ್ ಹೇಗಿದ್ದವು ಎಂಬುದು, ಅಷ್ಟೇ. ಯಾರಾದರೂ ವಿಚಾರಿಸಿದರೆ ಅದನ್ನೇ ಓದುತ್ತೇನೆ. "ಮೋಸಗಾರ", "ಸರಿಯಿಲ್ಲ" ಎಂಬ ಮಾತು ಆಡುವುದಿಲ್ಲ. "ಮಾರ್ಚ್, ಏಪ್ರಿಲ್ ಬಾಡಿಗೆ ಬಂದಿಲ್ಲ" ಅಂದರೆ ಸಾಕು. ಮುಂದಿನ ಮನೆಯವರು ಕೇಳಿದರೆ ಇದನ್ನೇ ಓದುತ್ತೇನೆ ಎಂದು ಮನೆ ಕೊಡುವ ದಿನವೇ ಬಾಡಿಗೆಯವರಿಗೂ ತಿಳಿಸಿರುತ್ತೇನೆ. ನಮ್ಮ ಏರಿಯಾದಲ್ಲೊಬ್ಬರು ಬಾಡಿಗೆಯವರ ಫೋಟೊ, ಆಧಾರ್ ಎಲ್ಲ ವಾಟ್ಸ್ಯಾಪ್‌ನಲ್ಲಿ ಹಂಚಿದ್ದರು. ಅದು ಮಹಾ ತಪ್ಪು. ಕೇಳಿದವರಿಗೆ, ಕೇಳಿದಷ್ಟು, ಫೋನಿನಲ್ಲಿ ಹೇಳಿದರೆ ಸಾಕು.

ನಾನು ವಿಚಾರಿಸುವಾಗ ಈಗಿನ ಓನರ್‌ಗಿಂತ ಅದಕ್ಕೂ ಹಿಂದಿನ ಮನೆಯ ಓನರ್ ಮಾತನ್ನು ಹೆಚ್ಚು ನಂಬುತ್ತೇನೆ. ಯಾರನ್ನೂ ಸಾಗಹಾಕುವ ಅವಸರ ಅವರಿಗಿರುವುದಿಲ್ಲ. ಕೊನೆಗೆ ಕೇಳುವುದು: "ನಿಮ್ಮನೆ ಮತ್ತೆ ಖಾಲಿಯಾದರೆ ಅವರಿಗೇ ಕೊಡ್ತೀರಾ?" ಕೂಡಲೇ "ಹ್ಞೂಂ" ಬಂದರೆ ಸರಿ. ತಡವರಿಸಿದರೆ ಕೆದಕಿ ಕೇಳುತ್ತೇನೆ.

ಪುಸ್ತಕದಲ್ಲಿರುವುದು ಬಾಡಿಗೆಯವರ ಪರವಾಗಿಯೂ ನಿಲ್ಲುತ್ತದೆ. 2020ರ ಲಾಕ್‌ಡೌನಿನಲ್ಲಿ ಎರಡನೇ ಮಹಡಿಯ ಹುಡುಗನ ಕೆಲಸ ಹೋಗಿ ಮೂರು ತಿಂಗಳ ಬಾಡಿಗೆ ಬಾಕಿಯಾಯಿತು. ಡಿಸೆಂಬರ್‌ವರೆಗೆ ಎರಡು ಸಾವಿರ, ಮೂರು ಸಾವಿರ ಅಂತ ಚೂರುಚೂರಾಗಿ ಪೂರ್ತಿ ಚುಕ್ತಾ ಮಾಡಿದ. ಆಮೇಲೆ ಅವನ ಬಗ್ಗೆ ಫೋನ್ ಮಾಡಿದವರು "ಬಾಕಿ" ಎಂದು ಕೇಳಿದ್ದೇ ಇಡಲು ಹೊರಟರು. ತಡೆದು ಆ ಪುಟ ಪೂರ್ತಿ ಓದಿದೆ, ಒಂದೊಂದು ಕಂತು, ಒಂದೊಂದು ತಾರೀಕು. ಅವರು ಮತ್ತೆ "ಯಾವ ಜನ? ನಾನ್‌ವೆಜ್ಜಾ?" ಅಂದರು. ಅದು ನನಗೆ ಸಂಬಂಧಿಸಿದ್ದಲ್ಲ, ಬರೆದಿಟ್ಟಿಲ್ಲ ಎಂದು ಹೇಳಿ, ಡಿಸೆಂಬರಿನ ಕೊನೆಯ ಕಂತಿನ ತಾರೀಕನ್ನು ಇನ್ನೊಮ್ಮೆ ಓದಿದೆ.