ಡೋಪಿಂಗಲ್ಲಿ ಸಿಕ್ಕಿಬಿದ್ದ ಹುಡುಗನ ಹೆಸರು ವಾಪಸ್ ತಂದಿದ್ದು: ನನ್ನ ಅನುಭವ

ಈ ಕೇಸ್ ಹಿಡೀಬೇಡ, ಅವನ ಜೊತೆ ನಿನ್ನ ಹೆಸರೂ ಕೆಡುತ್ತೆ ಅಂತ ನಮ್ಮ ಫೀಲ್ಡಲ್ಲೇ ನಾಲ್ಕು ಜನ ಹೇಳಿದ್ರು. ಹೋದ ತಿಂಗಳು ಅವ್ರಲ್ಲೇ ಇಬ್ರು ಫೋನ್ ಮಾಡಿ ಏನ್ ಮಾಡಿದ್ರಿ ಸ್ವಲ್ಪ ಹೇಳಿ ಅಂದ್ರು. ಅದಕ್ಕೇ ಬರೀತಿದೀನಿ. ಅಥ್ಲೀಟ್ ಮ್ಯಾನೇಜ್‌ಮೆಂಟ್ ಮಾಡೋರಿಗೆ ನಾಡಾ, ವಾಡಾ (ದೇಶದ, ಜಗತ್ತಿನ ಡೋಪಿಂಗ್ ತಡೆಯೋ ಸಂಸ್ಥೆಗಳು) ಅಂದ್ರೇನು ಅಂತ ನಾನು ಹೇಳ್ಬೇಕಾಗಿಲ್ಲ, ನೇರ ವಿಷಯಕ್ಕೆ ಬರ್ತೀನಿ.

ಹುಡುಗ ಹಾಸನದ ಕಡೆಯವನು, 800 ಮೀಟರ್ ಓಡ್ತಾನೆ, ಹೆಸರು ಬೇಡ. ಸ್ಯಾಂಪಲ್ಲಲ್ಲಿ ಸ್ಟ್ಯಾನೊಜೊಲಾಲ್ ಅನ್ನೋ ನಿಷೇಧಿತ ಸ್ಟೀರಾಯ್ಡ್ ಬಂತು. ಜಿಮ್ಮಲ್ಲಿ ಯಾರೋ ಕೊಟ್ಟ ಇಂಜೆಕ್ಷನ್ ಗೊತ್ತಿದ್ದೇ ತಗೊಂಡಿದ್ದ. ಮನೆಯವ್ರೆಲ್ಲ ಕೋಚ್ ಮೇಲೆ ಹಾಕೋಣ ಅಂತಿದ್ರು. ನಾನು ಅವ್ರಿಗೆ ಅಶ್ವಿನಿ ಅಕ್ಕುಂಜಿ ಕೇಸ್ ನೆನಪಿಸಿದೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಹರ್ಡಲ್ಸ್, ರಿಲೇ ಎರಡರಲ್ಲೂ ಚಿನ್ನ ಗೆದ್ದ ಹುಡುಗಿ, 2011ರಲ್ಲಿ ಪಾಸಿಟಿವ್ ಬಂತು, ಕೋಚ್ ಕೊಟ್ಟ ಸಪ್ಲಿಮೆಂಟ್ ಇಂದ ಅಂತ ಹೇಳಿದ್ರು, ಕೋಚ್ ಕೆಲಸಾನೂ ಹೋಯ್ತು, ಆದ್ರೂ ಇಲ್ಲಿ ಕೊಟ್ಟ 1 ವರ್ಷದ ಬ್ಯಾನ್ 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ಕೋರ್ಟಲ್ಲಿ 2 ವರ್ಷ ಆಯ್ತು. ಮೈಯೊಳಗೆ ಸಿಕ್ಕಿದ್ದಕ್ಕೆ ಓಡೋನೇ ಜವಾಬ್ದಾರಿ. ಚಾರ್ಜ್ ನೋಟಿಸ್ ಬಂದು 20 ದಿನದೊಳಗೆ ಒಪ್ಕೊಂಡ್ರೆ 4 ವರ್ಷದ ಬ್ಯಾನಲ್ಲಿ 1 ವರ್ಷ ಕಡಿಮೆ ಆಗುತ್ತೆ, 17ನೇ ದಿನ ಸಹಿ ಹಾಕಿಸ್ದೆ, 3 ವರ್ಷ ಆಯ್ತು. ಈ ಒಂದು ವಿಷಯದಲ್ಲಿ ಮಾತ್ರ ಮೊದಲ ದಿನದಿಂದ್ಲೂ ನನ್ನ ಲೆಕ್ಕ ಸರಿ ಇತ್ತು.

ಆಮೇಲೆ ಎಲ್ಲಾ ತಪ್ಪೇ. ಒಂದು ಏಜೆನ್ಸಿಗೆ 60 ಸಾವಿರ ಕೊಟ್ಟು ಕ್ಷಮೆ ಕೇಳೋ ವಿಡಿಯೋ ಮಾಡಿಸ್ದೆ. ಹಿಂದೆ ಪಿಟೀಲು, ಹುಡುಗನ ಕಣ್ಣಲ್ಲಿ ನೀರು. ಆ ನೀರು ನಿಜವಾದ್ದೇ, ನಾನು ಪಕ್ಕದಲ್ಲೇ ಇದ್ದೆ, ಆದ್ರೆ ಮ್ಯೂಸಿಕ್ ಹಾಕಿದ ತಕ್ಷಣ ಅದು ಸೀರಿಯಲ್ ಆಗೋಯ್ತು. ಎರಡೇ ದಿನದಲ್ಲಿ ತೆಗೆಸ್ಬೇಕಾಯ್ತು. ವೆಬ್‌ಸೈಟುಗಳಲ್ಲಿ ದುಡ್ಡು ಕೊಟ್ಟು ಒಳ್ಳೇ ಲೇಖನ ಹಾಕಿಸಿದ್ದು ಇನ್ನೊಂದು 35 ಸಾವಿರ, ಗೂಗಲ್‌ನಲ್ಲಿ ಅವು ಮೇಲಕ್ಕೆ ಬರ್ಲೇ ಇಲ್ಲ. ರಕ್ತದಾನ ಕ್ಯಾಂಪ್ ಫೋಟೋ ಹಾಕಿದ್ರೆ "ಆ ರಕ್ತದಲ್ಲಿ ಏನೇನಿದೆಯೋ" ಅಂತ ಕಾಮೆಂಟ್. ಅದನ್ನ ಓದಿದ ಮೇಲೆ ಹುಡುಗ ಒಂದು ವಾರ ಫೋನೇ ಎತ್ಲಿಲ್ಲ. ಎಲ್ಲಕ್ಕಿಂತ ದೊಡ್ಡ ಗಂಡಾಂತರ, ಒಂದು ಕ್ಲಬ್ಬಲ್ಲಿ ಮಕ್ಕಳಿಗೆ ಫ್ರೀ ಕೋಚಿಂಗ್ ಕೊಡ್ಸೋಣ ಅಂತ ಪೋಸ್ಟರ್ ತನಕ ಹೋಗಿದ್ದೆ. ಕ್ಲಬ್ ಫೆಡರೇಶನ್‌ಗೆ ಸೇರಿದ್ದು, ಬ್ಯಾನ್ ಇರೋವಾಗ ಅಲ್ಲಿ ಯಾವ ರೀತೀಲೂ ಭಾಗವಹಿಸೋ ಹಾಗಿಲ್ಲ, ಸಿಕ್ಕಿದ್ರೆ ಅಷ್ಟೇ ಉದ್ದದ ಇನ್ನೊಂದು ಬ್ಯಾನ್ ಬರೋ ಸಾಧ್ಯತೆ. ಲಾಯರ್ ಮೇಡಂ ಹಿಂದಿನ ರಾತ್ರಿ ನಿಲ್ಲಿಸಿದ್ರು. ಅವತ್ತು ನಿದ್ದೆ ಬರ್ಲಿಲ್ಲ.

ಆಗ ಕೂತು ದೊಡ್ಡವ್ರ ಕೇಸೆಲ್ಲ ನೋಡ್ದೆ. ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2013ರಲ್ಲಿ ಟಿವಿಯಲ್ಲಿ ಡೋಪಿಂಗ್ ಒಪ್ಕೊಂಡ, ಜನ ಕರಗಲಿಲ್ಲ, ಕೊನೆಗೆ 2018ರಲ್ಲಿ ಅಮೆರಿಕ ಸರ್ಕಾರಕ್ಕೆ 50 ಲಕ್ಷ ಡಾಲರ್ ಕಟ್ಟಿ ಕೇಸ್ ಮುಗಿಸ್ಕೊಂಡ. ಆಸ್ಟ್ರೇಲಿಯಾ ಕ್ರಿಕೆಟರ್ ಸ್ಟೀವ್ ಸ್ಮಿತ್ ಚೆಂಡು ಕೆಡಿಸಿದ ಕೇಸಲ್ಲಿ ಬ್ಯಾನ್ ಇರೋವಾಗ್ಲೇ ಜಾಹೀರಾತಲ್ಲಿ ಬಂದು ಬೈಸ್ಕೊಂಡ, ಆದ್ರೆ 2019ರ ಆಶಸ್‌ನಲ್ಲಿ ಎಡ್ಜ್‌ಬಾಸ್ಟನ್ ಜನ ಕೂಗಾಡ್ತಿದ್ರೂ 144, 142 ಹೊಡೆದ, ಸೀರೀಸಲ್ಲಿ 774. ನಮ್ಮ ಕೆ.ಎಲ್. ರಾಹುಲ್ 2019ರ ಜನವರಿಯಲ್ಲಿ ಟಿವಿ ಶೋನಲ್ಲಿ ಆಡಿದ ಮಾತಿನ ಗಲಾಟೆಯಿಂದ ಆಸ್ಟ್ರೇಲಿಯಾದಿಂದ ವಾಪಸ್ ಬಂದು, ಮುಂದಿನ ತಿಂಗಳೇ ಮೈಸೂರಲ್ಲಿ ಇಂಡಿಯಾ ಎ ಪರ 81 ಹೊಡೆದ. ನಾನು ಆ ಮ್ಯಾಚ್‌ಗೆ ಹೋಗಿದ್ದೆ, ಹೆಚ್ಚು ಜನ ಇರ್ಲಿಲ್ಲ, ಅವನ ಪಾಡಿಗೆ ಅವನು ಆಡ್ತಿದ್ದ. ಸ್ಮಿತ್, ರಾಹುಲ್ ಇಬ್ಬರಿಗೂ ಬ್ಯಾಟ್ ಇತ್ತು. ನನ್ನ ಹುಡುಗನಿಗೆ 3 ವರ್ಷ ಓಡೋಕೇ ಟ್ರ್ಯಾಕ್ ಇಲ್ಲ, ಇನ್ನೇನು ತೋರಿಸೋದು?

ಎರಡು ಕೆಲಸ ಮಾಡಿದ್ವಿ. ಮೊದಲನೇದು, ಇವನು ಸಿಕ್ಕಿಬಿದ್ದ ರೇಸಲ್ಲಿ ಇವನಿಂದಾಗಿ ನಾಲ್ಕನೇ ಸ್ಥಾನಕ್ಕೆ ಹೋಗಿದ್ದ ಹುಡುಗನ ಮನೆಗೆ ಹೋದ್ವಿ, ದಾವಣಗೆರೆ ಹತ್ರ. ಮೆಡಲ್ ಆಗ್ಲೇ ಅಸೋಸಿಯೇಶನ್‌ಗೆ ವಾಪಸ್ ಕೊಟ್ಟಿದ್ವಿ, ಊರಿನವ್ರು ಸನ್ಮಾನ ಮಾಡಿ ಕೊಟ್ಟಿದ್ದ 25 ಸಾವಿರಾನ ಕವರಲ್ಲಿ ತಗೊಂಡು ಹೋಗಿದ್ವಿ. ಫೋಟೋ ಇಲ್ಲ, ರಿಪೋರ್ಟರ್ ಇಲ್ಲ. ಅವರಮ್ಮ ಸ್ಟೀಲ್ ಲೋಟದಲ್ಲಿ ಚಾ ತಂದಿಟ್ಟು, ಕವರ್ ಮುಟ್ಟದೆ, "ಅವತ್ತು ಬಂದು ಉಣ್ಲೇ ಇಲ್ಲಪ್ಪ ನನ್ ಮಗ, ಹಂಗೇ ಮಲ್ಕಂಡ. ಅದನ್ನೆಂಗೆ ತಂದ್ಕೊಡ್ತೀಯ?" ಅಂದ್ರು. ನಮ್ಮ ಹುಡುಗ ತಲೆ ಎತ್ಲಿಲ್ಲ. ಆರಿದ ಚಾ ಮೇಲೆ ಕೆನೆ ಕಟ್ತಿತ್ತು, ಅದನ್ನೇ ನೋಡ್ತಾ ಕೂತಿದ್ದ. ಕವರ್ ಅವ್ರು ಕೊನೆಗೂ ತಗೊಳ್ಲಿಲ್ಲ. ಅಲ್ಲಿ ಇವನು ಏನು ಹೇಳ್ದ, ಹೇಗೆ ಹೇಳ್ದ ಅನ್ನೋದನ್ನ ಬರೆಯಲ್ಲ, ಅದು ನನ್ನ ಹತ್ರಾನೇ ಇರ್ಲಿ.

ಎರಡನೇದು ಡೈರಿ. ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಓಡಿದ್ದು ಎಷ್ಟು, ಟೈಮ್ ಎಷ್ಟು, ಕೈಬರಹದಲ್ಲಿ ಬರೆದು ಹಾಕೋದು. ಜೊತೆಗೆ ಮೆಡಿಕಲ್ ಶಾಪ್ ಬಿಲ್. ನೆಗಡಿ ಮಾತ್ರೆ ತಗೊಂಡ್ರೂ ಬಿಲ್ ಹಾಕೋದು, ಒಳಗೆ ಏನಿದೆ ಅಂತ ಕನ್ನಡದಲ್ಲಿ ಬರೆಯೋದು. ಮೊದಲ 4 ತಿಂಗಳು 20-30 ಲೈಕ್, ಬೈಗುಳ ಅದಕ್ಕಿಂತ ಜಾಸ್ತಿ. ಯಾವುದಕ್ಕೂ ಉತ್ತರ ಕೊಡ್ಬೇಡ ಅಂದಿದ್ದೆ. ಮಧ್ಯೆ ಒಂದು ಪ್ರಯೋಗಾನೂ ಮಾಡ್ದೆ, ಒಂದು ತಿಂಗಳು ಇಂಗ್ಲಿಷಲ್ಲಿ ಹಾಕಿಸ್ದೆ, ಓದೋರು ಡಬಲ್ ಆದ್ರು, ಬೈಯೋರು ನಾಲ್ಕು ಪಟ್ಟು, ವಾಪಸ್ ಕನ್ನಡಕ್ಕೇ ಬಂದ್ವಿ. ವಿಕಿಪೀಡಿಯ ತಿದ್ದೋಕೂ ಹೋಗಿದ್ದೆ, ಎರಡು ಗಂಟೇಲಿ ಮೊದಲಿದ್ದ ಹಾಗೇ ಮಾಡಿಬಿಟ್ರು, ಆ ಕಡೆ ಹೋಗ್ಬೇಡಿ. ಸುಮಾರು 8ನೇ ತಿಂಗಳಿಗೆ ಓಡೋ ಮಕ್ಕಳ ಅಪ್ಪ ಅಮ್ಮಂದಿರು ಮೆಸೇಜ್ ಮಾಡೋಕೆ ಶುರು ಮಾಡಿದ್ರು, ಈ ಪ್ರೋಟೀನ್ ಡಬ್ಬ ಕೊಡಬಹುದಾ, ಈ ಸಿರಪ್ ಆಗುತ್ತಾ ಅಂತ. ಅಲ್ಲಿಂದ ಗಾಳಿ ತಿರುಗ್ತು. ಇವನ ಪರವಾಗಿ ಮೊದಲ ಲೇಖನ ಬರೆದ ರಿಪೋರ್ಟರ್‌ಗೆ ನಾನು ಫೋನ್ ಮಾಡಿರ್ಲಿಲ್ಲ, ಅವರ ಮಗಳೇ ಆ ಡೈರಿ ಓದ್ತಿದ್ಲಂತೆ.

ಖರ್ಚು ಒಟ್ಟು 4 ಲಕ್ಷದ ಆಸುಪಾಸು, ಅದ್ರಲ್ಲಿ ಒಂದೂವರೆ ಲಕ್ಷ ಪೂರ್ತಿ ನೀರಿಗೆ ಹೋಯ್ತು. ಕೆಲಸ ಮಾಡಿದ್ದಕ್ಕೆ ಖರ್ಚಾಗಿದ್ದು ಬಸ್ ಚಾರ್ಜು, ನೋಟ್‌ಬುಕ್ಕು, ಉಳಿದಿದ್ದೆಲ್ಲ ಲಾಯರ್ ಫೀಸು.

ಕೊನೇ 2 ತಿಂಗಳು ಗ್ರೂಪ್ ಜೊತೆ ಪ್ರಾಕ್ಟೀಸ್ ಮಾಡಬಹುದು, ರೂಲ್ಸಲ್ಲೇ ಇದೆ, ಮಾಡ್ಸಿದೆ. ಬ್ಯಾನ್ ಮುಗಿದು ಕಂಠೀರವದಲ್ಲಿ ಓಡ್ದಾಗ ಐದನೇ ಸ್ಥಾನ, 1 ನಿಮಿಷ 53 ಸೆಕೆಂಡ್ ಚಿಲ್ಲರೆ. ಹೆಸರು ಕೂಗ್ದಾಗ ಯಾರೂ ಕಿರುಚಲಿಲ್ಲ, ಒಂದಷ್ಟು ಚಪ್ಪಾಳೆ ಬಂತು. ದಾವಣಗೆರೆ ಹುಡುಗ ಮೂರನೇದಾಗಿ ಬಂದ, ಇವನ ಹತ್ರ ಬಂದು ನೀರಿನ ಬಾಟಲ್ ಕೊಟ್ಟ. ಎರಡು ತಿಂಗಳಿಗೆ ಒಂದು ಶೂ ಕಂಪನಿ ವರ್ಷಕ್ಕೆ ಎರಡೂವರೆ ಲಕ್ಷಕ್ಕೆ ಸಹಿ ಹಾಕ್ತು. ಆಗೋದೇ ಇಲ್ಲ ಅಂದಿದ್ರಲ್ಲ, ಆಯ್ತು.

ಈಗ ಇನ್ನೊಬ್ಬ ಹುಡುಗಿ ಕೇಸ್ ಬಂದಿದೆ, ಜಾವೆಲಿನ್, ಚಾರ್ಜ್ ನೋಟಿಸ್ ಬಂದು 9 ದಿನ ಆಗಿದೆ. ವಿಡಿಯೋ ಮಾಡ್ಸೋಣ ಅಂತಿದಾರೆ ಅವರ ಮಾವ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಅವ್ರೂರಿಗೆ ಹೋಗ್ತಿದೀನಿ.