ಬಾವಿ ಈಜು ಬಲ್ಲವರಿಗೆ ಪೂಲ್‌ನಲ್ಲಿ ಏದುಸಿರು ಯಾಕೆ?

ಕೋಲಾರ, ಮಾಲೂರು, ಮುಳಬಾಗಿಲು ಕಡೆ ನಲವತ್ತು ದಾಟಿದ ಎಷ್ಟೋ ಜನರಿಗೆ ಈಜು ಬರುತ್ತದೆ. ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವರು. ಆಮೇಲೆ ಬಾವಿಗಳು ಬತ್ತಿದವು, ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು, ಈಜು ಅಲ್ಲಿಗೇ ನಿಂತಿತು. ಈಗ ಮಂಡಿನೋವಿಗೆ ಒಳ್ಳೇದು ಅಂತಲೋ, ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಬಿಡಲು ಹೋದ ನೆಪದಲ್ಲೋ ಪೂಲ್‌ಗೆ ಇಳಿದರೆ, 25 ಮೀಟರ್ ಮುಗಿಯುವಷ್ಟರಲ್ಲಿ ಉಸಿರು ಬಾಯಿಗೆ ಬಂದಿರುತ್ತದೆ. ವಯಸ್ಸಾಯ್ತು ಅಂದುಕೊಂಡು ಸುಮ್ಮನಾಗುವವರೇ ಜಾಸ್ತಿ. ಆದರೆ ಹೆಚ್ಚಿನವರ ತೊಂದರೆ ವಯಸ್ಸಿನದ್ದಲ್ಲ, ತಲೆ ಎತ್ತಿ ಈಜುವ ಹಳೇ ಅಭ್ಯಾಸದ್ದು.

ಬಾವಿಯಲ್ಲಿ ತಲೆ ಎತ್ತಿಯೇ ಈಜಬೇಕು. ಮೇಲಿಂದ ಯಾರು ಧುಮುಕುತ್ತಾರೋ ನೋಡಬೇಕು, ಪಂಪ್‌ಸೆಟ್ ಪೈಪು ತಪ್ಪಿಸಬೇಕು. ಹತ್ತು ಸಲ ಕೈ ಹಾಕಿದರೆ ಆಚೆ ಗೋಡೆ. ಉದ್ದನೆಯ ಪೂಲ್‌ನಲ್ಲಿ ಫ್ರೀಸ್ಟೈಲ್ (ಬೋರಲು ಮಲಗಿ, ಒಂದಾದ ಮೇಲೊಂದು ಕೈ ಬೀಸುವ ಈಜು) ಹೊಡೆಯುವಾಗ ಅದೇ ಅಭ್ಯಾಸ ಕಾಲಿಗೆ ಕಲ್ಲು ಕಟ್ಟಿದಂತೆ. ಎದೆಯಲ್ಲಿ ಗಾಳಿ ಇರುವುದರಿಂದ ಅದು ತೇಲುತ್ತದೆ, ಕಾಲುಗಳು ಭಾರ. ತಲೆ ಮೇಲೆದ್ದ ಕೂಡಲೇ ಸೊಂಟ ಇಳಿಯುತ್ತದೆ. ಆಮೇಲೆ ನಿಮ್ಮ ಶಕ್ತಿಯೆಲ್ಲ ಇಳಿದ ಕಾಲನ್ನು ಎಳೆದುಕೊಂಡು ಹೋಗುವುದಕ್ಕೇ ಖರ್ಚು.

ಹಾಗಾಗಿ ಮೊದಲು ಕೈಕಾಲು ಮರೆತುಬಿಡಿ, ಉಸಿರಿನಿಂದ ಶುರು ಮಾಡಿ. ಎದೆಮಟ್ಟದ ನೀರಿನಲ್ಲಿ ಅಂಚು ಹಿಡಿದು ನಿಲ್ಲಿ. ಬಾಯಲ್ಲಿ ಗಾಳಿ ಎಳೆದುಕೊಂಡು ಮುಖ ಮುಳುಗಿಸಿ, ಮೂಗು ಬಾಯಿ ಎರಡರಿಂದಲೂ ನಿಧಾನವಾಗಿ ಗುಳ್ಳೆ ಬಿಡಿ. ಗಾಳಿ ಪೂರ್ತಿ ಖಾಲಿಯಾದ ಮೇಲೆ ತಲೆ ಎತ್ತಿ. ಮೇಲೆ ಬಂದಾಗ ಬರೀ ಒಳಗೆಳೆದುಕೊಳ್ಳುವ ಕೆಲಸ. ನೀರೊಳಗೆ ಉಸಿರು ಬಿಗಿಹಿಡಿದರೆ ಇಂಗಾಲದ ಡೈಆಕ್ಸೈಡ್ ಒಳಗೇ ಸೇರುತ್ತಾ ಹೋಗುತ್ತದೆ. ಉಸಿರು ಕಟ್ಟಿದಂತೆ ಗಾಬರಿಯಾಗುವುದು ಮುಖ್ಯವಾಗಿ ಅದರಿಂದಲೇ, ಗಾಳಿ ಸಾಲದ್ದಕ್ಕಲ್ಲ. ಇಪ್ಪತ್ತು ಸಲ, ಮೂವತ್ತು ಸಲ, ಬೇಜಾರಾಗುವವರೆಗೂ ಮಾಡಿ. ಪಕ್ಕದ ಲೇನ್‌ನ ಹುಡುಗರು ನಕ್ಕರೆ ನಗಲಿ ಬಿಡಿ.

ಇದಾದ ಮೇಲೆ ತೇಲುವುದು. ಕೈಗಳನ್ನು ಮುಂದೆ ಚಾಚಿ, ಗೋಡೆಯನ್ನು ಕಾಲಿಂದ ಒದ್ದು, ಅಲ್ಲಾಡದೆ ಜಾರಿ. ನೋಟ ಎದುರು ಗೋಡೆಯ ಮೇಲಲ್ಲ, ತಳದ ಟೈಲ್ಸ್ ಮೇಲೆ, ತುಸು ಮುಂದಕ್ಕೆ. ಕತ್ತು ಸಡಿಲವಾಗಿರಲಿ. ಹಿಂಭಾಗ ನೀರಿನ ಮೇಲ್ಮಟ್ಟಕ್ಕೆ ಬಂದರೆ ತಲೆ ಸರಿಯಾದ ಜಾಗದಲ್ಲಿದೆ ಎಂದರ್ಥ.

ಮುಂದಿನದ್ದು ಎಲ್ಲಕ್ಕಿಂತ ಕಷ್ಟ: ಪಕ್ಕಕ್ಕೆ ಉಸಿರೆಳೆಯುವುದು. ಬರೀ ಕತ್ತು ತಿರುಗಿಸಬಾರದು, ಭುಜ ಮತ್ತು ಸೊಂಟ ಒಟ್ಟಿಗೆ ಹೊರಳಬೇಕು. ಒಂದು ಕೈಯಲ್ಲಿ ಕಿಕ್‌ಬೋರ್ಡ್ (ತೇಲುವ ಹಗುರ ಹಲಗೆ) ಹಿಡಿದು, ಇನ್ನೊಂದು ಕೈಯನ್ನು ತೊಡೆಗೆ ಅಂಟಿಸಿ, ಆ ಕೈ ಇರುವ ಕಡೆಗೆ ಹೊರಳಿ. ಗಾಗಲ್ಸ್‌ನ ಒಂದು ಗಾಜು ನೀರಿನ ಒಳಗೇ ಇರಬೇಕು, ಇನ್ನೊಂದು ಹೊರಗೆ. ಅಷ್ಟು ಸಾಕು. ನಿಮ್ಮ ತಲೆ ನೀರನ್ನು ಸೀಳಿಕೊಂಡು ಹೋಗುವಾಗ ಬಾಯಿ ಪಕ್ಕ ಒಂದು ಸಣ್ಣ ತಗ್ಗು ಆಗುತ್ತದೆ, ಗಾಳಿ ಸಿಗುವುದು ಅಲ್ಲೇ. ಮೊದಮೊದಲು ನಾಲ್ಕು ಗುಟುಕು ನೀರು ಹೋಗುತ್ತದೆ. ಕೆಮ್ಮಿ, ನಿಂತು, ಮತ್ತೆ ಶುರು ಮಾಡಿ.

ಈಗ ಕೈ. ಭುಜದ ನೇರಕ್ಕೆ, ಬೆರಳ ತುದಿಯಿಂದ ನೀರಿಗೆ ಇಳಿಸಿ. ತಲೆಯ ಮುಂದೆ ಅಡ್ಡ ಹಾಯಬಾರದು, ಹೆಬ್ಬೆರಳು ಮೊದಲು ಹೋಗಬಾರದು. ಭುಜ ನೋವಿಗೆ ಇವೆರಡೂ ದಾರಿ. ನೀರನ್ನು ಕೆಳಕ್ಕೆ ಒತ್ತಿದರೆ ಎದೆ ಮೇಲೇಳುತ್ತದೆ, ಮುಂದೆ ಹೋಗುವುದಿಲ್ಲ. ಮೊಣಕೈ ಮೇಲೇ ಇರಲಿ, ಬೆರಳು ತಳ ನೋಡಲಿ, ಅಂಗೈ ಮತ್ತು ಮುಂಗೈ ಎರಡರಿಂದಲೂ ತೊಡೆಯವರೆಗೆ ಹಿಂದಕ್ಕೆ ತಳ್ಳಿ. ಕಾಲಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಿಕ್ ಸೊಂಟದಿಂದ ಬರಲಿ, ಚಿಕ್ಕದಿರಲಿ, ಪಾದ ಸಡಿಲ. ದಬದಬ ಬಡಿದರೆ ಸದ್ದು ಬರುತ್ತದೆ, ವೇಗ ಬರಲ್ಲ.

ವಾರಕ್ಕೆ ಮೂರು ದಿನ, ಅರ್ಧ ಗಂಟೆ ಸಾಕು. 25 ಮೀಟರ್ ಈಜಿ, 30 ಸೆಕೆಂಡ್ ನಿಂತು ಸುಧಾರಿಸಿಕೊಳ್ಳಿ. ಹೀಗೆ ಎಂಟು ಸಲ. ಒಂದು ಲ್ಯಾಪ್‌ಗೆ ಎಷ್ಟು ಸಲ ಕೈ ಹಾಕಿದಿರಿ ಅಂತ ಎಣಿಸಿ. 28 ಇದ್ದದ್ದು ನಿಧಾನಕ್ಕೆ 25ಕ್ಕೆ ಇಳಿದರೆ ದಾರಿ ಸರಿ ಇದೆ. ಗಡಿಯಾರ ನೋಡುವ ಕಾಲ ಇನ್ನೂ ಬಂದಿಲ್ಲ. ಬಿಪಿ, ಹೃದಯದ ತೊಂದರೆ ಇದ್ದವರು ಶುರು ಮಾಡುವ ಮೊದಲೇ ಡಾಕ್ಟರ್‌ಗೆ ಒಂದು ಮಾತು ಕೇಳಿ.

ಪೂಲ್ ಫೀಸು ಯಾಕೆ, ಊರ ಕೆರೆ ತುಂಬಿದೆಯಲ್ಲ ಅನ್ನುವವರಿದ್ದಾರೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂತರ್ಜಲ ಏರಿಸುವುದಕ್ಕೆ ತಂದ ನೀರು ಅದು, ಮುಖ ಮುಳುಗಿಸಿ ಗುಳ್ಳೆ ಬಿಡುವುದಕ್ಕಲ್ಲ. ಕೃಷಿ ಹೊಂಡವಂತೂ ಬೇಡವೇ ಬೇಡ. ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಚೆನ್ನಾಗಿ ಈಜು ಬರುವವರಿಗೂ ಹತ್ತಿ ಬರಲು ಆಗುವುದಿಲ್ಲ. ಹೊಂಡ ನಿಮ್ಮದೇ ಆಗಿದ್ದರೆ ಸುತ್ತ ಬೇಲಿ ಹಾಕಿಸಿ, ಅಲ್ಲಲ್ಲಿ ಗಂಟು ಹಾಕಿದ ಹಗ್ಗವನ್ನು ಗಟ್ಟಿ ಗೂಟಕ್ಕೆ ಕಟ್ಟಿ ನಾಲ್ಕೂ ಬದಿಯಿಂದ ನೀರಿಗೆ ಇಳಿಬಿಡಿ.