ಹೊಲದ ಮಣ್ಣು ಪರೀಕ್ಷೆ: ಮಾದರಿ ತೆಗೆಯುವುದು ಹೇಗೆ?

ಒಂದು ಎಕರೆ ಹೊಲದ ಮೇಲಿನ ಅರ್ಧ ಅಡಿ ಮಣ್ಣನ್ನು ತೂಗಿದರೆ ಹತ್ತಿರ ಹತ್ತಿರ 9 ಲಕ್ಷ ಕೆಜಿ ಆಗುತ್ತದೆ. ಪರೀಕ್ಷೆಗೆ ನಾವು ಕಳಿಸುವುದು ಅರ್ಧ ಕೆಜಿ. ಅಷ್ಟರಲ್ಲೇ ಇಡೀ ಹೊಲದ ಗುಣ ಸಿಗಬೇಕು, ಅಲ್ವಾ? ಮಣ್ಣು ತೆಗೆಯುವಾಗ ತಪ್ಪಿದರೆ ಲ್ಯಾಬಿನವರು ಎಷ್ಟು ಚೆನ್ನಾಗಿ ಪರೀಕ್ಷಿಸಿದರೂ ಉತ್ತರ ತಪ್ಪೇ ಬರುತ್ತದೆ.

ಗದಗ, ರೋಣ, ನರಗುಂದದ ಎರೆ (ಕಪ್ಪು ಮಣ್ಣಿನ) ಹೊಲಗಳಿಗೆ ಬೇಸಿಗೆಯೇ ಒಳ್ಳೆ ಸಮಯ. ಕಡಲೆ, ಜೋಳ ಒಕ್ಕಿ ಮುಗಿದಿರುತ್ತದೆ, ಮುಂಗಾರಿಗೆ ಮೊದಲೇ ವರದಿ ಕೈಗೆ ಬರುತ್ತದೆ. ಗೊಬ್ಬರ ಹಾಕಿದ ಹೊಸದರಲ್ಲಿ ಮಾತ್ರ ಬೇಡ.

ಮೊದಲು ಹೊಲವನ್ನು ಒಮ್ಮೆ ಸುತ್ತಿ ನೋಡಿ. ಒಂದು ಕಡೆ ಎರೆ, ಇನ್ನೊಂದು ಕಡೆ ಮಸಾರಿ (ಕೆಂಪು ಮಣ್ಣು) ಇದ್ದರೆ ಎರಡು ಮಾದರಿ ಬೇಕು. ಬಿಳಿ ಉಪ್ಪು ಮೇಲೆದ್ದ ಸವಳು ಜಾಗ ಇದ್ದರೆ ಅದರದ್ದೂ ಬೇರೆ. ಎಲ್ಲ ಸೇರಿಸಿ ಒಂದೇ ಮಾದರಿ ಮಾಡಿದರೆ ಯಾವ ಮಣ್ಣಿನದೂ ಅಲ್ಲದ ಲೆಕ್ಕ ಬರುತ್ತದೆ.

ಈಗ ಅಗೆಯುವುದು. ಹಾವು ಹರಿದಂತೆ ಅಂಕುಡೊಂಕಾಗಿ ನಡೆದು ಎಕರೆಗೆ 8-10 ಜಾಗ ಗುರುತಿಸಿ. ಒಡ್ಡಿನ ಪಕ್ಕ, ಬೇವಿನ ಮರದ ಬುಡ, ತಿಪ್ಪೆ ಇದ್ದ ಜಾಗ, ಕುರಿ ತರುಬಿದ ಜಾಗ ಬಿಡಿ. ಮೇಲಿನ ಕಸ, ಕೂಳೆ ಸರಿಸಿ ಸಲಿಕೆಯಿಂದ ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಅರ್ಧ ಅಡಿ ಆಳದ ಗುಂಡಿ ತೆಗೆಯಿರಿ. ಆಮೇಲೆ ಗುಂಡಿಯ ಒಂದು ಗೋಡೆಯಿಂದ, ಮೇಲಿನಿಂದ ತಳದವರೆಗೆ, ಹೆಬ್ಬೆರಳು ದಪ್ಪದ ಹಾಳೆ ಕೆತ್ತಿ ಬುಟ್ಟಿಗೆ ಹಾಕಿ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಟ್ಟಿರುತ್ತದೆ. ಬಿರುಕಿನೊಳಗೆ ಮೇಲಿನ ಮಣ್ಣು ಉದುರಿರುತ್ತದೆ, ಹಾಗಾಗಿ ಬಿರುಕಿನ ಜಾಗ ತಪ್ಪಿಸಿ ಗಟ್ಟಿ ಜಾಗದಲ್ಲೇ ಅಗೆಯಿರಿ.

ಎಲ್ಲವನ್ನೂ ಶುದ್ಧ ಬಟ್ಟೆಯ ಮೇಲೆ ಸುರಿದು ಹೆಂಟೆ ಒಡೆಯಿರಿ. ಕಲ್ಲು, ಬೇರು ಆರಿಸಿ ಬಿಸಾಡಿ. ರೊಟ್ಟಿಯ ಹಾಗೆ ದುಂಡಗೆ ಹರಡಿ, ಬೆರಳಿಂದ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ತೆಗೆದು ಹಾಕಿ, ಉಳಿದದ್ದನ್ನು ಮತ್ತೆ ಕಲಸಿ ಹರಡಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ. ಹಸಿ ಇದ್ದರೆ ನೆರಳಲ್ಲಿ ಆರಿಸಿ, ಬಿಸಿಲಲ್ಲಿ ಬೇಡ.

ಚೀಲದ ವಿಷಯ ಒತ್ತಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಒಂದು ಸಲ ಖಾಲಿ ಡಿಎಪಿ (ರಂಜಕ ಇರುವ ಗೊಬ್ಬರ) ಚೀಲದಲ್ಲಿ ಮಣ್ಣು ತುಂಬಿ ಕಳಿಸಿದ್ದೆವು. ರಂಜಕ ವಿಪರೀತ ಜಾಸ್ತಿ ಅಂತ ಬಂತು. ನಂಬಿ ಆ ವರ್ಷ ರಂಜಕ ಹಾಕಲಿಲ್ಲ, ಕಡಲೆ ಸೊರಗಿತು. ಚೀಲದ ಹೊಲಿಗೆಯಲ್ಲಿ ಉಳಿದ ನಾಲ್ಕು ಕಾಳು ಗೊಬ್ಬರವೂ ಲೆಕ್ಕ ಕೆಡಿಸುತ್ತದೆ. ಹೊಸ ಬಟ್ಟೆ ಚೀಲವನ್ನೇ ಬಳಸಿ. ಸತುವಿನ ಲೇಪದ ಬಕೆಟ್ಟೂ ಬೇಡ, ವರದಿಯಲ್ಲಿ ಸತು ಏರುತ್ತದೆ.

ಹೆಸರು, ಊರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದಿನ ಬೆಳೆ, ನೀರಾವರಿಯೋ ಮಳೆಯಾಶ್ರಿತವೋ ಬರೆದ ಚೀಟಿ ಇಟ್ಟು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಹುಲಕೋಟಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ವಿಚಾರಿಸಬಹುದು.

ವರದಿ ಬರುವವರೆಗೆ ಮನೆಯಲ್ಲೊಂದು ಪರೀಕ್ಷೆ ಮಾಡಿ. ಒಣ ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಮರುದಿನವೂ ನೀರು ತಿಳಿಯಾಗದೆ ರಾಡಿಯಾಗೇ ಇದ್ದರೆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಇರಬಹುದು. ಮಲಪ್ರಭಾ ಕಾಲುವೆ ನೀರು ಕುಡಿದ ಹೊಲದವರು ಇದನ್ನು ತಪ್ಪದೆ ನೋಡಿ. ಹಾಗಂತ ಸೋಡಿಯಂ ತಗ್ಗಿಸಲು ಸುಮ್ನೆ ಜಿಪ್ಸಂ ತಂದು ಸುರಿಯಬೇಡಿ, ಎಷ್ಟು ಬೇಕೆಂದು ಲ್ಯಾಬಿನವರೇ ಹೇಳಲಿ.

ವರದಿಯಾಗಿ ಬರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಇರುತ್ತವೆ. ಮೊದಲು ಸಾವಯವ ಇಂಗಾಲ ನೋಡಿ. 0.5 ಪ್ರತಿಶತಕ್ಕಿಂತ ಕಡಿಮೆ ಇದ್ದರೆ ಹಟ್ಟಿಗೊಬ್ಬರಕ್ಕೆ ಮೊದಲ ಜಾಗ. ರಸಸಾರ (ಪಿಎಚ್) 8.5 ದಾಟಿದ್ದರೆ ಕ್ಷಾರ ಜಾಸ್ತಿ. ಸತು 0.6 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ 0.6 ಪಾಲಿಗಿಂತ) ಕೆಳಗಿದ್ದರೆ ಸತುವಿನ ಸಲ್ಫೇಟ್ ಬೇಕಾಗುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಲೆಕ್ಕ ಹೆಕ್ಟೇರಿಗೆ ಇರುತ್ತದೆ, ಎಕರೆಗೆ ತಿಳಿಯಲು ಎರಡೂವರೆಯಿಂದ ಭಾಗಿಸಿ. ಸಾರಜನಕ 200 ಕೆಜಿ ಅಂತ ಇದ್ದರೆ ಎಕರೆಗೆ 80. ಸಾರಜನಕ ಹೆಕ್ಟೇರಿಗೆ 280ಕ್ಕಿಂತ ಕಡಿಮೆ ಅಂದರೆ ಕೊರತೆಯೇ. ಕಾರ್ಡನ್ನು ಪಹಣಿ ಇಡುವ ಜಾಗದಲ್ಲೇ ಇಡಿ. ಎರಡು-ಮೂರು ವರ್ಷ ಬಿಟ್ಟು ಅದೇ ಹೊಲದಿಂದ, ಅದೇ ತಿಂಗಳಲ್ಲಿ ಮತ್ತೆ ಮಣ್ಣು ತೆಗೆದಾಗ ಹೋಲಿಸಿ ನೋಡಲು ಬೇಕಾಗುತ್ತದೆ.